ಮಾವನನ್ನು ಸಾಯಿಸಿ ಹೊರಟ ಪ್ರವಾಸ

ಕಂಠಪ್ಪ ಬೆಳಿಗ್ಗೆ ತನ್ನ ಮನೆ ಬಾಗಿಲಲ್ಲೇ ನಿಂತು ಸೋದರಮಾವನನ್ನು ಸಾಯಿಸಿದ. ಸಾಯಿಸಬೇಕೆಂದೇನೂ ಇರಲಿಲ್ಲ; ಬಾಯಿಗೆ ಬಂತು, ಸಾಯಿಸಿಬಿಟ್ಟ.

ಮದುವೆಯಾದಾಗಿನಿಂದ ಹೆಂಡತಿ ನೀಲಾಂಬಿಕೆಯನ್ನು ಅವನು ಎಲ್ಲಿಗೆ ಕರೆದೊಯ್ದರೂ ಹಿಂದೆ ನೆಂಟರ ದಂಡು ಇದ್ದೇ ಇರುತ್ತಿತ್ತು. ಊಟಿಗೆ ಹೋದಾಗ ಅಕ್ಕ ಸಿದ್ದಲಿಂಗಮ್ಮ ಗಂಡಹೆಂಡಿರ ನಡುವೆ ಕೂತು ದಾರಿಯುದ್ದಕ್ಕೂ ವಾಂತಿ ಮಾಡಿದ್ದಳು. ಈ ಸಲ ಕಬಿನಿ ಹಿನ್ನೀರಿನ ದಂಡೆಯಲ್ಲಿ ಕಾಟೇಜು ಗೊತ್ತುಮಾಡಿದ್ದ ಕಂಠಪ್ಪ, ಗಂಡ, ಹೆಂಡತಿ, ಮಗಳು ಚಿನ್ನು, ಇಷ್ಟೇ ಜನ ಎಂದು ದೇವರ ಮುಂದೆ ಆಣೆ ಇಟ್ಟಿದ್ದ.

"ಅಲ್ಲೂ ನಿಮ್ಮೋರು ಒಬ್ರು ಕಾಣಿಸ್ಕಂಡ್ರೂ ನಾನು ಸೀದಾ ನಮ್ಮವ್ವನ ಮನೆಗೆ. ಮತ್ತೆ ಕರಿಯಾಕೆ ಬರ್ಬೇಡಿ," ಎಂದಿದ್ದಳು ನೀಲಾಂಬಿಕೆ. ಅವಳು ಹೇಳಿದ್ದನ್ನು ಮಾಡುವವಳು.

ಆದರೆ ಕಂಪಲಾಪುರದಲ್ಲಿ ಕಾರಿನ ಡಿಕ್ಕಿ ತೆಗೆದ ಸದ್ದಾದರೆ ಸಾಕು, ಎದುರುಮನೆ ಕೆಂಪಾಜಮ್ಮ ಹಾಜರು.

"ಏನ್ ಕಂಠಪ್ಪ, ಎಲ್ಗೋ ಒಂಟಂಗದೆ? ಕಾರಲ್ಲಿ ಜಾಗ ಅದಾ?"

ಎರಡನೇ ಪ್ರಶ್ನೆ ಕೇಳಿದ್ದೇ ಕಂಠಪ್ಪ ಡಿಕ್ಕಿಯನ್ನು ಧಡಕ್ಕನೆ ಮುಚ್ಚಿದ. "ಏನ್ ಯೋಳನ ಕೆಂಪಾಜಕ್ಕ, ಅಂತರಸಂತೆ ಚಾಮಯ್ಯ ಮಾವ ಓಗ್ಬುಟ್ರು!"

"ಅಯ್ಯೋ ಶಿವನೇ! ಗುಂಡ್‌ಕಲ್ಲಂಗಿದ್ರಲ್ಲಪ್ಪಾ!"

ಅಷ್ಟರಲ್ಲಿ ಚಿನ್ನು, ಬಾತುಕೋಳಿ ಮೂತಿಯ ಈಜುವ ಟ್ಯೂಬನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದಳು. ಕೆಂಪಾಜಮ್ಮನ ಅಳು ಅರ್ಧಕ್ಕೆ ನಿಂತಿತು. "ಸಾವಿನ ಮನೆಗೆ ಇದ್ಯಾಕಪ್ಪ?"

"ಮಣ್ಣಾದ್ಮೇಲೆ ಎಲ್ರೂ ನೀರಿಗಿಳ್ದು ಸ್ನಾನ ಮಾಡ್ಬೇಕಲ್ಲಕ್ಕ!" ಎಂದವನೇ ಕಂಠಪ್ಪ ಕಾರು ಓಡಿಸಿದ.

ಕಬಿನಿಯ ದಾರಿಯಲ್ಲೇ ಇದ್ದ ಮಾವನ ಊರು ಅಂತರಸಂತೆ ದಾಟುವಾಗ ಹೆಂಡತಿ, ಮಗಳು ಸೀಟಿನ ಕೆಳಗೆ ತಲೆ ತಗ್ಗಿಸಿದರು. ಸ್ಟೇರಿಂಗ್ ಹಿಡಿದವನು ತಗ್ಗಿಸುವುದೆಲ್ಲಿಗೆ? ಹೆಂಡತಿಯ ವೇಲನ್ನು ತಲೆಗೆ ಹೊದ್ದು ಮುಸುಕಿನ ಮುತ್ತೈದೆಯಂತೆ ದಾಟಿದ.

ಕಾಟೇಜು ಚೆನ್ನಾಗಿತ್ತು. ಮೆಟ್ಟಿಲಿಳಿದರೆ ಮರಳು, ಮರಳು ದಾಟಿದರೆ ನೀರು. ನೀಲಾಂಬಿಕೆ ನೀರಿಗೆ ಕಾಲಿಟ್ಟು, "ರೀ, ಇವತ್ತೇ ಮದ್ವೆ ಆದಂಗದೆ ಕಣ್ರೀ," ಎಂದು ನಕ್ಕಳು. ಆ ನಗು ನೋಡಿ ಕಂಠಪ್ಪನಿಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಆ ಖುಷಿಯಲ್ಲೇ ಹಳದಿ ಹೂವಿನ ಅಂಗಿ ತೊಟ್ಟು ಸೆಲ್ಫಿ ತೆಗೆದು, ಕಾಟೇಜಿನ ಬೋರ್ಡೂ ಕಾಣುವಂತೆ ಸ್ಟೇಟಸ್ ಹಾಕಿದ. ಅವನೇನೂ ದಡ್ಡನಲ್ಲ. ಅಕ್ಕನಿಗೆ, ಕೆಂಪಾಜಮ್ಮನಿಗೆ, ಇಡೀ ಕಂಪಲಾಪುರಕ್ಕೆ ಕಾಣದಂತೆ ಮಾಡಿಯೇ ಹಾಕಿದ್ದ. ಚಾಮಯ್ಯ ಮಾವನಿಗೆ ಮಾತ್ರ ಮರೆಮಾಡಿರಲಿಲ್ಲ. ಸತ್ತವರು ಸ್ಟೇಟಸ್ ನೋಡುತ್ತಾರೆಂದು ಯಾರು ತಾನೇ ಎಣಿಸುತ್ತಾರೆ?

ಮಧ್ಯಾಹ್ನ ಒಂದು ಟೆಂಪೋ ಬಂದು ನಿಂತಿತು. ಮೊದಲು ಹೂವಿನ ಹಾರ ಹಿಡಿದ ಸಿದ್ದಲಿಂಗಮ್ಮ ಇಳಿದಳು. ಹಿಂದೆ, ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಅನ್ನಸಾರಿನ ಪಾತ್ರೆ ಹೊತ್ತ ನೆಂಟರು. ಕಡೆಯದಾಗಿ ದೊಣ್ಣೆ ಎತ್ತಿಕೊಂಡು ಸತ್ತವರೇ ಇಳಿದರು.

"ಲೇ ಕಂಠ, ನನ್ನ ಮಣ್ ಮಾಡ್ಬುಟ್ಟು ಇಲ್ಲಿ ಹೂವಿನಂಗಿ ಆಕ್ಕಂಡು ಕುಣೀತಿದ್ದೀಯೇನ್ಲಾ?"

"ಕೆಂಪಾಜಮ್ಮ ಯೋಳಿದ್ ಕೇಳಿ ದಾರಿಯುದ್ದ ಎದೆ ಬಡ್ಕಂಡ್ ಬಂದೆ ಕಣ್ಲಾ!" ಸಿದ್ದಲಿಂಗಮ್ಮ ಕಿರುಚಿದಳು. "ಓಗಿ ನೋಡಿದ್ರೆ ಮಾವ ಜಗುಲಿ ಮ್ಯಾಲೆ ಕುಂತು ಎಲೆಅಡಿಕೆ ಆಕ್ತಾವ್ರೆ. 'ಯಾರವ್ವ ಸತ್ತೋರು' ಅಂತ ನನ್ನೇ ಕೇಳ್ತಾರೆ!"

ನೀಲಾಂಬಿಕೆ ಒಳಗೆ ಹೋಗಿ ಬ್ಯಾಗು ತುಂಬತೊಡಗಿದಳು. ದೊಣ್ಣೆ ಹತ್ತಿರ ಬಂತು. ಆಗ ಹತ್ತಿರದ ಮರದಲ್ಲಿ ಕಾಗೆಯೊಂದು ಕೂಗಿತು. ಕಂಠಪ್ಪನ ಬುದ್ಧಿಯೂ ಕೂಗಿತು. ಕಾಗೆ ತಲೆ ಮುಟ್ಟಿದರೆ ಸಾವಿನ ಕಂಟಕ. ಆ ಮನುಷ್ಯ ಸತ್ತನೆಂದು ಸುಳ್ಳು ಸುದ್ದಿ ಕಳಿಸಿ, ನೆಂಟರು ನಿಜವೆಂದೇ ನಂಬಿ ಅತ್ತರೆ ಕಂಟಕ ಕಳೆಯುತ್ತದೆ ಎಂಬುದು ಆ ಕಡೆಯವರೆಲ್ಲರ ನಂಬಿಕೆ.

"ಮಾವ, ನಿಮ್ ತಲೆಗೆ ಕಾಗೆ ಮುಟ್ಟಿದಂಗೆ ಕನಸು ಬಿತ್ತು! ಅದ್ಕೇ ಅಂಗಂದೆ. ನಿಮ್ ಜೀವಕ್ಕಿಂತ ನನ್ ಮಾನ ದೊಡ್ಡದಾ?"

ಚಾಮಯ್ಯನ ದೊಣ್ಣೆ ಗಾಳಿಯಲ್ಲೇ ನಿಂತಿತು. "ಮೊನ್ನೆ ತಿಪ್ಪೆ ತಾವ ಕಾಗೆ ನನ್ ತಲೆ ಕುಕ್ತು ಕಣ್ಲಾ. ಎದ್ರಿಕಂಡು ಯಾರ್ಗೂ ಯೋಳಿರ್ನಿಲ್ಲ. ಅಪ್ಪಾ ಕಂಠ, ನನ್ ಜೀವ ಉಳಿಸ್ದೆ ನೀನು!"

ಕ್ಷಣದಲ್ಲಿ ಕಂಠಪ್ಪ ದೇವಮಾನವನಾದ. ಮಾವನಿಗೆಂದು ತಂದ ಹಾರ ಅವನ ಕೊರಳಿಗೆ ಬಿತ್ತು. ಜೀವ ಉಳಿದ ಸಂತೋಷಕ್ಕೆ ಚಾಮಯ್ಯ ಮನೆಯಿಂದ ಹುಂಜ ತರಿಸಿದ. ಮರಳಿನ ಮೇಲೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದರು. "ಸಾರ್, ಇಲ್ಲಿ ಅಡುಗೆ ಮಾಡೋ ಹಾಗಿಲ್ಲ," ಎಂದು ಓಡಿಬಂದ ಮ್ಯಾನೇಜರ್ ಚೇತನ್‌ಕುಮಾರ್ ಘಮಲು ಹಿಡಿದ ಮೇಲೆ ತಾನೂ ಎಲೆ ಹಾಕಿಕೊಂಡು ಕೂತ.

ಉಂಡೆದ್ದ ಚಾಮಯ್ಯ, ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದ ನೀಲಾಂಬಿಕೆಯನ್ನು ನೋಡಿದ. ಹಿರಿಯ ಜೀವ, ಅರ್ಥವಾಯಿತು. "ಏಳ್ರೋ ಎಲ್ಲಾ, ಟೆಂಪೋ ಅತ್ರಿ. ಐಕ್ಳು ಒಂದ್ ದಿನ ಅವರ್ ಪಾಡಿಗ್ ಅವ್ರು ಇರ್ಲಿ ಬುಡಿ. ಕ್ವಾಪ ಮಾಡ್ಕಬ್ಯಾಡ ಕನವ್ವ."

ನೀಲಾಂಬಿಕೆಯ ಮುಖ ಅರಳಿತು. ಬ್ಯಾಗನ್ನು ಕೆಳಗಿಟ್ಟು ಜಿಪ್ಪು ಎಳೆದು ಬಟ್ಟೆ ಹೊರತೆಗೆದಳು. ಟೆಂಪೋ ಹೊರಟಿತು. ಗೆದ್ದೆನೆಂದುಕೊಂಡ ಕಂಠಪ್ಪ ನೀರಿನಂಚಿಗೆ ಹೋಗಿ, ಉಳಿದಿದ್ದ ಕೋಳಿ ಕಾಲೊಂದನ್ನು ಬಾಯಿಗಿಡುವಷ್ಟರಲ್ಲಿ ಮರದ ಮೇಲಿನ ಕಾಗೆ ಎರಗಿತು. ಕಾಲು ಸಿಗಲಿಲ್ಲವೆಂಬ ಸಿಟ್ಟಿಗೋ ಏನೋ, ಅವನ ತಲೆಯ ಮೇಲೆ ಕೂತು ಎರಡು ಸಲ ಕುಕ್ಕಿ ಹೋಯಿತು.

ಟೆಂಪೋ ಗಕ್ಕನೆ ನಿಂತಿತು. ಪೀಂಪೀಂ ಎಂದು ಹಿಂದಕ್ಕೆ ಬಂತು.

"ಅಕ್ಕಾ, ಏನೂ ಆಗಿಲ್ಲ! ಮುಟ್ಟೇ ಇಲ್ಲ!" ಕಂಠಪ್ಪ ಕೈಮುಗಿದ.

"ಮಾತಾಡ್ಬ್ಯಾಡ ಕಣ್ಲಾ, ನಿನ್ ಜೀವಕ್ಕಿಂತ ಟೂರು ಎಚ್ಚಾ?" ಎನ್ನುತ್ತ ಸಿದ್ದಲಿಂಗಮ್ಮ ಆಗಲೇ ಫೋನು ಕಿವಿಗೊತ್ತಿ ಗೋಳೋ ಎಂದು ಶುರುಮಾಡಿದ್ದಳು. "ಅಯ್ಯೋ ಕೆಂಪಾಜಮ್ಮಾ, ನಮ್ ಕಂಠಪ್ಪ ಓಗ್ಬುಟ್ಟ ಕನವ್ವೋ! ಇಲ್ಲೇ, ಕಬಿನಿ ಹಿನ್ನೀರಿನ ಕಾಟೇಜಲ್ಲಿ. ಊರೋರ್ಗೆಲ್ಲ ಯೋಳ್ಬುಡು, ಒಬ್ರೂ ಬುಡ್ದಂಗೆ ಕರ್ಕಂಡ್ ಬಾ!"

ಕಾಟೇಜಿನ ಒಳಗಿನಿಂದ ಜಿಪ್ಪು ಮತ್ತೆ ಎಳೆದ ಸದ್ದು ಕೇಳಿಸಿತು.