ದೋಣಿಯ ಮೂತಿಗೊಂದು ತೇಪೆ

ಮನೆಯಲ್ಲಿ ಏನಾದರೂ ಒಡೆದರೆ, ಮುರಿದರೆ, ಸೋರಿದರೆ ಬೇರೆಯವರ ಮುಖ ಬಾಡುತ್ತದೆ. ನನ್ನದು ಅರಳುತ್ತದೆ. ಇದೊಂದು ಕಾಯಿಲೆ ಎಂದು ನನ್ನ ಹೆಂಡತಿ ಕಸ್ತೂರಿಯ ಅಭಿಪ್ರಾಯ. ಮಿಕ್ಸರ್ ನಿಂತರೆ ನಾನೇ ಬಿಚ್ಚುತ್ತೇನೆ, ನಳ ಸೋರಿದರೆ ನಾನೇ ತಿರುವುತ್ತೇನೆ. ಆಮೇಲೆ ಬರುವ ರಿಪೇರಿಯವನು ಮೊದಲು ನಾನು ಮಾಡಿದ್ದನ್ನು ರಿಪೇರಿ ಮಾಡಿ, ಅನಂತರ ಮೂಲ ರೋಗಕ್ಕೆ ಕೈ ಹಾಕುತ್ತಾನೆ. "ನಿಮ್ಮ ಕೈಯಾಗ ಏನ್ ಐತೋ ಏನೋ, ಮುಟ್ಟಿದ್ದು ಇನ್ನೊಂದ್ ಸ್ವಲ್ಪ ಕೆಡತೈತಿ ನೋಡ್ರಿ" ಎಂದು ಅವಳು ನಗುತ್ತಲೇ ಹೇಳುತ್ತಾಳೆ. ನಾನೂ ನಗುತ್ತಲೇ ಕೇಳಿಸಿಕೊಂಡು ಸ್ಕ್ರೂಡ್ರೈವರ್ ಹುಡುಕುತ್ತೇನೆ.

ಆದರೆ ದೋಣಿ ರಿಪೇರಿ ಮಾಡುವ ಕಾಲ ಬರುತ್ತದೆಂದು ನಾನೂ ಎಣಿಸಿರಲಿಲ್ಲ. ನಾನು ಬೆಳೆದದ್ದು ಸಿಂದಗಿ ತಾಲೂಕಿನ ಮೋರಟಗಿಯ ಕಡೆ. ಓರಗೆಯ ಹುಡುಗರೆಲ್ಲ ಹೊಲದ ಬಾವಿಗೆ ಧುಮುಕಿ ಈಜು ಕಲಿಯುವಾಗ ನಾನು ಮೆಟ್ಟಿಲ ಮೇಲೆ ಕೂತು ಅವರ ಅಂಗಿ ಕಾಯುತ್ತಿದ್ದೆ. ನಂಬಿಗಸ್ತ ಹುಡುಗ ಎಂಬ ಹೆಸರು ನನಗೆ ಬಂದದ್ದೇ ಹಾಗೆ. ಇಂಥವನನ್ನು ಸರ್ಕಾರ ಗುಮಾಸ್ತನನ್ನಾಗಿ ಮಾಡಿ, ಹುಡುಕಿ ಹುಡುಕಿ ಮುದ್ದೇಬಿಹಾಳ ತಾಲೂಕಿನ ಕೃಷ್ಣೆಯ ಹಿನ್ನೀರಿನ ದಂಡೆಗೆ ತಂದು ಹಾಕಿತು. ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳವು. ನಮ್ಮ ಕಚೇರಿಗೆ ಒಂದು ಫೈಬರ್ ದೋಣಿ ಬಂತು. ಬೆಳ್ಳಗೆ, ನುಣ್ಣಗೆ, ಈಗಷ್ಟೇ ಎಣ್ಣೆ ಸ್ನಾನ ಮಾಡಿಸಿದ ಕೂಸಿನ ಹಾಗಿತ್ತು. ಅದರ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಓಡಿಸುವವನು ಇಮಾಮಸಾಬ. ಅದಕ್ಕೂ ಮೊದಲು ಅವನು ಟ್ರ್ಯಾಕ್ಟರ್ ಓಡಿಸಿದವನು. ಹಿನ್ನೀರಿನ ಆಚೆ ಒಂದು ಸಣ್ಣ ಊರು. ನೀರು ನಿಂತ ಮೇಲೆ ಆ ಊರಿಗೆ ಉಳಿದದ್ದು ಸುತ್ತುಬಳಸಿನ ಕಲ್ಲು ದಾರಿ ಮಾತ್ರ. ಅದಕ್ಕೇ ಪ್ರತಿ ಗುರುವಾರ ನರ್ಸ್ ಸುಶೀಲಾಬಾಯಿಯವರು ಲಸಿಕೆಯ ಡಬ್ಬಿ ಹಿಡಿದು ನಮ್ಮ ದೋಣಿಯಲ್ಲೇ ಅಲ್ಲಿಗೆ ಹೋಗಿಬರುತ್ತಿದ್ದರು.

ಖಂಡೇನವಮಿ ಬಂತು. ನಮ್ಮ ಕಡೆ ಅಂದು ಕುಡಗೋಲಿನಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ಪೂಜೆ. ದೋಣಿಯನ್ನು ದಂಡೆಗೆ ಎಳೆದು ತೊಳೆದೆವು, ಚೆಂಡು ಹೂವಿನ ಹಾರ ಹಾಕಿದೆವು. ನಮ್ಮ ಕಚೇರಿಯ ಸಾಹೇಬರು ತೆಂಗಿನಕಾಯಿ ಹಿಡಿದು, "ಎಲ್ಲಿ ಒಡೀಬೇಕ್ರೀ?" ಎಂದು ಕೇಳಿದರು. ಟ್ರ್ಯಾಕ್ಟರ್ ಓಡಿಸಿದ ಇಮಾಮಸಾಬ ಸಹಜವಾಗಿ, "ಮುಂದ ಬಂಪರಿಗೇ ಹೊಡೀರಿ ಸಾಹೇಬ್ರ" ಅಂದ. "ಹೌದ್ರಿ, ಮೂತಿಗೇ ಬೀಳಬೇಕು" ಎಂದು ನಾನೂ ತಾಳ ಹಾಕಿದೆ. ದೋಣಿಗೆ ಬಂಪರ್ ಇರುವುದಿಲ್ಲ ಎಂಬುದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಮೊದಲ ಏಟಿಗೆ ಕಾಯಿ ಒಡೆಯಲಿಲ್ಲ. ಎಲ್ಲರೂ ನೋಡುತ್ತಿದ್ದಾರೆ, ಸಾಹೇಬರ ಮರ್ಯಾದೆ ಪ್ರಶ್ನೆ. ಅವರು ಅಂಗಿಯ ತೋಳು ಮಡಚಿ ಜಪ್ಪಿಸಿ ಹೊಡೆದರು. ಟಣ್ ಎಂದು ಒಡೆದದ್ದು ಕಾಯಿಯಲ್ಲ, ದೋಣಿ. ಮೇಲಿನ ಹೊಳಪಿನ ಬಿಳಿ ಪದರ ಜೇಡರ ಬಲೆಯಂತೆ ಸೀಳಿ, ಅಂಗೈಯಗಲ ಚಕ್ಕೆ ಎದ್ದು, ಒಳಗಿನ ಗಾಜಿನ ನಾರು ಹಲ್ಲು ಕಿರಿಯಿತು. ಕಾಯಿ ಉರುಳಿಕೊಂಡು ಹೋಗಿ ನೀರಿಗೆ ಬಿದ್ದು, ನಮಗಿಂತ ಚೆನ್ನಾಗಿ ತೇಲಿತು.

ಸಂಜೆಗೆ ಸುಶೀಲಾಬಾಯಿ ಓಡಿ ಬಂದರು. ಗಟ್ಟಿ ಹೆಂಗಸು, ಹಾಗೆಲ್ಲ ಗಾಬರಿಯಾಗುವವರಲ್ಲ. "ಅಣ್ಣಾರ, ಆಚೀ ಊರಾಗ ಲಕ್ಷ್ಮಿ ಅಂತ ಒಬ್ಬಾಕಿ ಬಸುರಿ ಅದಾಳ್ರಿ. ಏಳು ತಿಂಗಳು. ಕಾಲು ಬಾತಾವು, ತಲಿ ತಿರುಗತೈತಿ ಅಂತಾಳ. ಗುರುವಾರ ಮುದ್ದೇಬಿಹಾಳಕ್ಕ ದೊಡ್ಡ ಡಾಕ್ಟರ್ ಬರ್ತಾರ, ಆಕೀನ ತೋರಿಸಾಕಬೇಕು. ಆ ಕಲ್ಲು ದಾರ್ಯಾಗ ಗಾಡಿ ಮ್ಯಾಲ ಕುಲುಕಿಸಿಕೋತ ತಂದ್ರ ಆಕಿ ಗತಿ ಏನ್ರಿ?" ಎಂದರು. ಸಾಹೇಬರು ಬೆಳಗಾವಿಯಿಂದ ಮೇಸ್ತ್ರಿಯನ್ನು ಕರೆಸುವ ಮಾತಾಡಿದರು. ಆತ ಬರುವ ಹೊತ್ತಿಗೆ ಲಕ್ಷ್ಮಿಯ ಕೂಸು ಶಾಲೆಗೆ ಹೋಗುವಂತಾಗಿರುತ್ತದೆ. ನನ್ನ ಮುಖ ಅರಳಿತು. "ನಾನು ಮಾಡ್ತೇನ್ರಿ" ಅಂದೆ.

ಸೊಲ್ಲಾಪುರಕ್ಕೆ ಹೋಗಿ ಸಾಮಾನು ತಂದೆ: ಜೇನಿನಂಥ ರೆಸಿನ್ ಒಂದು ಡಬ್ಬಿ, ಅದನ್ನು ಗಟ್ಟಿಗೊಳಿಸುವ ಹಾರ್ಡನರ್ ಒಂದು ಸಣ್ಣ ಸೀಸೆ, ಗಾಜಿನ ನಾರಿನ ಚಾಪೆ, ಮೇಲಿನ ಹೊಳಪಿಗೆ ಬಿಳಿ ಜೆಲ್‌ಕೋಟ್. ಅಂಗಡಿಯವನು ಎಲ್ಲ ಹೇಳಿಕೊಟ್ಟ. ಒಡೆದಿದ್ದನ್ನೆಲ್ಲ ಕೆರೆದು ತೆಗೀರಿ, ತೇವ ಇರಬಾರದು, ಹಾರ್ಡನರ್ ಹನಿ ಲೆಕ್ಕದಲ್ಲಿ ಹಾಕಿರಿ. ನಾನು ಹೂಂ ಹೂಂ ಎಂದು ತಲೆಯಾಡಿಸಿದೆ. ಮನೆಗೆ ಬಂದು ಕಸ್ತೂರಿ ಪಲ್ಯಕ್ಕೆ ಉಪ್ಪು ಹಾಕುವ ಹಾಗೆ ಕೈಯಂದಾಜಿನ ಮೇಲೆ ರೆಸಿನ್ನಿಗೆ ಹಾರ್ಡನರ್ ಸುರಿದೆ. ದಸರೆಯ ಹೊತ್ತಿನ ಬಿಸಿಲಾದರೂ ನಮ್ಮ ಕಡೆಯ ಬಿಸಿಲು ಬಿಸಿಲೇ. ಕುಂಚ ಎತ್ತುವಷ್ಟರಲ್ಲಿ ರೆಸಿನ್ ಬಿಸಿಯಾಗಿ, ಹೊಗೆಯಾಡಿ, ಕಲ್ಲಾಗಿ ಕೂತಿತು. ಕುಂಚ ನಡುವೆ ಧ್ವಜಸ್ತಂಭದಂತೆ ನಿಂತಿತ್ತು. ಪಾತ್ರೆ ಕಸ್ತೂರಿಯ ತವರಿನ ಸ್ಟೀಲ್ ಬಟ್ಟಲು. "ಚಡಚಣದಿಂದ ನಮ್ಮವ್ವ ಕೊಟ್ಟಿದ್ರೀ ಅದು!" ಎಂದು ಅವಳು ಚೀರಿದಳು. ಆ ಬಟ್ಟಲು ಈಗಲೂ ನಮ್ಮ ಬಾಗಿಲಿಗೆ ಒತ್ತುಗಲ್ಲಾಗಿದೆ.

ಮರುದಿನ ಬಿಸಿಲೇರುವ ಮುನ್ನ, ಮನೆಯ ಹಿಂದಿನ ದಂಡೆಯಲ್ಲಿದ್ದ ದೋಣಿಯ ಬಳಿ ಮತ್ತೆ ಶುರು ಮಾಡಿದೆ. ಚಕ್ಕೆ ಎದ್ದ ಜಾಗವನ್ನು ಪಾಲೀಶ್ ಕಾಗದದಿಂದ ತಿಕ್ಕಿ, ಅಂಚುಗಳನ್ನು ಇಳಿಜಾರು ಮಾಡಿದೆ. ಆ ಗಾಜಿನ ಪುಡಿ ಅಂಗಿಯೊಳಗೆ ಹೊಕ್ಕು ಮೈಯೆಲ್ಲ ತುರಿಕೆ ಎದ್ದಿತು. ಎರಡು ದಿನ ನಾನು ಕಂಬ ಕಂಡಲ್ಲಿ ಬೆನ್ನು ತಿಕ್ಕುತ್ತಿದ್ದೆ, "ಎಮ್ಮಿ ಜೋಡಿ ಕಟ್ಟಲೇನ್ರಿ ನಿಮ್ಮನ್ನ?" ಎಂದಳು ಕಸ್ತೂರಿ. ನಾರಿನ ಚಾಪೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಈ ಸಲ ಹನಿ ಎಣಿಸಿ ಬೆರೆಸಿದ ರೆಸಿನ್ ಕುಡಿಸಿ, ಒಳಗೆ ಗಾಳಿ ಉಳಿಯದಂತೆ ಕುಂಚದ ತುದಿಯಿಂದ ಕುಕ್ಕಿದೆ. ದೋಣಿಯ ಒಳಮೈಗೂ ಒಂದು ಪದರ ಹಚ್ಚಿದೆ. ಆಮೇಲೆ ಜೆಲ್‌ಕೋಟ್ ಬಳಿಯಲು ಹೋದರೆ ಕಸ್ತೂರಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಬಿಳಿ ಅಂದ್ರ ಎಲ್ಲಾ ಒಂದೇ ಏನ್ರಿ? ದೋಣೀದು ಬಿಳಿಜೋಳದ ಹಿಟ್ಟಿನ ಬಿಳಿ. ನಿಮ್ಮದು ಸುಣ್ಣದ್ದು" ಎಂದಳು. ಇಳಕಲ್ ಸೀರೆಗೆ ಕುಬಸದ ಖಣ ಹೊಂದಿಸಲು ಇಡೀ ಬಜಾರು ತಿರುಗುವ ಹೆಣ್ಣು. ಅವಳ ಕಣ್ಣಿಗೆ ಎದುರಾಡುವಂತಿಲ್ಲ. ಅವಳೇ ಹಳದಿ ಬಣ್ಣವನ್ನು ಕಡ್ಡಿಯ ತುದಿಯಲ್ಲಿ ಒಂದಿಷ್ಟು ಬೆರೆಸಿದಳು. ಬಳಿದ ಮೇಲೆ ಅದು ಅಂಟಂಟು ಉಳಿಯದಿರಲೆಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಣಗಿದ ಮೇಲೆ ನೀರು ಹಾಕಿ ತಿಕ್ಕಿ ನುಣ್ಣಗೆ ಮಾಡಿದೆ. ತೇಪೆ ಎಲ್ಲಿದೆ ಎಂದು ನನಗೇ ಸಿಗಲಿಲ್ಲ. ಜೀವಮಾನದಲ್ಲಿ ನಾನು ಸರಿಮಾಡಿದ ಮೊದಲ ವಸ್ತು ಅದು. ಸಿಕ್ಕಸಿಕ್ಕವರನ್ನು ಕೈಹಿಡಿದು ಕರೆದೊಯ್ದು ತೋರಿಸಿದೆ. ನಿಜ ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂದಿತ್ತು.

ಗುರುವಾರ ಸುಶೀಲಾಬಾಯಿ ತೇಪೆ ನೋಡಿ ಮೆಚ್ಚಿದರು. ದೋಣಿ ಹತ್ತಲು ಕಾಲು ಮಾತ್ರ ಎತ್ತಲಿಲ್ಲ. "ಗಟ್ಟಿ ಐತ್ಯಲ್ರಿ?" ಎಂದರು. "ಕಲ್ಲಿದ್ದಂಗ ಐತ್ರಿ" ಎಂದೆ. "ಹಂಗಾರ ನೀವೂ ಬರ್ರಿ ಮತ್ತ." ಇಮಾಮಸಾಬ ಆಗಲೇ ನನಗಾಗಿ ಜಾಗ ಮಾಡಿದ್ದ. ಕಲ್ಲು ನೀರಿನಲ್ಲಿ ಏನು ಮಾಡುತ್ತದೆ ಎಂಬುದು ನನಗೆ ಹೊಳೆದದ್ದು ದೋಣಿ ದಂಡೆ ಬಿಟ್ಟ ಮೇಲೆ.

ಸುತ್ತ ಎಲ್ಲಿ ನೋಡಿದರೂ ನೀರು. ಹೊಗಳುವವರಿಗೆ ಅದು ಚೆಂದವೇ ಇದ್ದೀತು. ನಾನು ಕಣ್ಣು ಕೀಲಿಸಿದ್ದು ಮೂತಿಯ ಒಳಗಿನ ನನ್ನ ತೇಪೆಯ ಮೇಲೆ. ಅಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ? ಹನಿ ಎಣಿಸುವಾಗ ಕಸ್ತೂರಿ ಚಹಾಕ್ಕೆ ಕರೆದಿದ್ದಳು, ಲೆಕ್ಕ ತಪ್ಪಿದ್ದರೆ? ಅಷ್ಟರಲ್ಲಿ ಕಾಲಿಗೆ ತಣ್ಣಗೆ ನೀರು ತಾಗಿತು. "ಯಪ್ಪಾ!" ಎಂದು ಮೂತಿಗೆ ಬಿದ್ದು ಎರಡೂ ಅಂಗೈಗಳಿಂದ ತೇಪೆಯನ್ನು ಅದುಮಿ ಹಿಡಿದೆ. "ಅಣ್ಣಾರ, ಅದು ನನ್ನ ಡಬ್ಬ್ಯಾಗಿನ ಬರ್ಫ ಕರಗಿದ ನೀರ್ರಿ" ಎಂದರು ಸುಶೀಲಾಬಾಯಿ. ಕಿವಿಗೆ ಕೇಳಿಸಿತು, ಕೈಗೆ ಕೇಳಿಸಲಿಲ್ಲ. ಆಚೆ ದಂಡೆ ಮುಟ್ಟುವವರೆಗೂ ಹಾಗೇ ಹಿಡಿದುಕೊಂಡಿದ್ದೆ.

ದಂಡೆಯಲ್ಲಿ ನೆರೆದ ಊರವರ ನಡುವೆ ಲಕ್ಷ್ಮಿ ಕೂತಿದ್ದಳು. ಬಾತ ಕಾಲು, ಸೋತ ಮುಖ. ಪಕ್ಕದಲ್ಲಿ ಅವಳ ಅತ್ತೆ ನೀಲವ್ವ. ಆ ಮುದುಕಿ ದೂರದಿಂದಲೇ ನನ್ನ ಭಂಗಿ ನೋಡಿದ್ದಳು. "ಸಿಸ್ಟರ್ ಬಾಯಿ, ನಾ ನನ್ನ ಸೊಸೀನ ಇದರಾಗ ಕಳಸಾಕಿಲ್ರಿ. ಆ ಸಾಹೇಬ್ರು ತೂತು ಮುಚ್ಚಿಕೋತ ಬಂದಾರ!" ಎಂದಳು. ಸುಶೀಲಾಬಾಯಿ ಎಷ್ಟು ಹೇಳಿದರೂ ಕೇಳಲಿಲ್ಲ. ಗಾಡಿ ಹೂಡಿಸುತ್ತೇನೆ ಎಂದಳು. ಲಕ್ಷ್ಮಿ ಹಣೆ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಆ ಮುಖ ನೋಡಿ ನನಗೆ ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು. ಎರಡು ದಿನ ಮೈ ತುರಿಸಿಕೊಂಡು ದೋಣಿ ಗಟ್ಟಿ ಮಾಡಿದವನು ನಾನು. ಈಗ ಈಕೆ ಆ ಕಲ್ಲು ದಾರಿ ಹಿಡಿದರೆ ಅದಕ್ಕೆ ಕಾರಣನೂ ನಾನೇ. "ಅವ್ವಾರ, ತೂತು ಏನೂ ಇಲ್ರಿ. ನನಗ ನೀರಂದ್ರ ಅಂಜಿಕಿ, ಈಜಾಕ ಬರಂಗಿಲ್ಲ, ಅದಕ್ಕ ಹಂಗ ಹಿಡ್ಕೊಂಡಿದ್ದೆ" ಎಂದು ಇಡೀ ಊರಿನೆದುರು ಹೇಳಿಬಿಟ್ಟೆ. ನೀಲವ್ವ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಹಂಗಾರ ಕೈ ಬಿಟ್ಟು ಕುಂದರ್ರಿ ನೋಡೂಣು. ನೀವು ಕುಂತ್ರ ನಾವೂ ಕುಂದರ್ತೇವಿ" ಎಂದಳು.

ಮರಳಿ ಬರುವಾಗ ಮುದುಕಿ ನನ್ನ ಎದುರಿಗೇ ಕೂತಳು. ನೀರು ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ, ನನ್ನ ಕೈಗಳನ್ನೇ ಕಾದಳು. ಗಾಳಿಗೆ ದೋಣಿ ವಾಲಿದಾಗಲೆಲ್ಲ ಅವು ತಾವಾಗಿಯೇ ತೇಪೆಯ ಕಡೆ ಹೊರಡುತ್ತಿದ್ದವು, ಅವಳು "ಹಾಂ!" ಎಂದು ಗದರುತ್ತಿದ್ದಳು. ಕಡೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತೆ. ಇಮಾಮಸಾಬನ ಜೊತೆ ಜೋಳದ ಬೆಳೆಯ ಬಗ್ಗೆ ಮಾತಾಡಿದೆ. ಏನು ಮಾತಾಡಿದೆನೋ ಭಗವಂತನಿಗೇ ಗೊತ್ತು. ಲಕ್ಷ್ಮಿ ಮಾತ್ರ ತಣ್ಣನೆಯ ಗಾಳಿಗೆ ಅತ್ತೆಯ ಹೆಗಲಿಗೊರಗಿ ನಿದ್ದೆ ಹೋದಳು.

ದಂಡೆ ಬಂತು. ಒಂದು ಹನಿ ನೀರೂ ಒಳಗೆ ಬಂದಿರಲಿಲ್ಲ. ನೀಲವ್ವ ಇಳಿದು, ತೇಪೆಯ ಮೇಲೆ ಕೈಯಾಡಿಸಿ, "ದೋಣಿ ಛಲೋ ಗಟ್ಟಿ ಮಾಡೀರಿ ಬಿಡ್ರಿ" ಎಂದಳು. ನಾನು ಹಿಗ್ಗಿ ಏಳಲು ನೋಡಿದೆ. ಕೈಕಾಲು ಜೋಮು ಹಿಡಿದಿದ್ದವು, ಏಳಲಾಗಲಿಲ್ಲ. ಲಕ್ಷ್ಮಿ ಆಗಲೇ ಯಾರ ಆಸರೆಯೂ ಇಲ್ಲದೆ ಇಳಿದು ನಿಂತಿದ್ದಳು. ಅತ್ತೆ ಸೊಸೆ ಇಬ್ಬರೂ ಸೇರಿ, ಒಬ್ಬೊಬ್ಬರು ಒಂದೊಂದು ರಟ್ಟೆ ಹಿಡಿದು, ನನ್ನನ್ನು ಮೆಲ್ಲಗೆ ಕೆಳಗಿಳಿಸಿಕೊಂಡರು.