ಎಲ್ಲರಿಗೂ ಒಂದನೇ ನಂಬರು

ಚನ್ನಗಿರಿಯ ಜಯದೇವಪ್ಪನವರ ಹಿಟ್ಟಿನ ಗಿರಣಿಯಲ್ಲಿ ಮನುಷ್ಯರು ಸಾಲು ನಿಲ್ಲುವುದಿಲ್ಲ, ಡಬ್ಬಗಳು ನಿಲ್ಲುತ್ತವೆ. ಡಬ್ಬ ಇಟ್ಟು ತರಕಾರಿಗೆ ಹೋದವರು ಬರುವಷ್ಟರಲ್ಲಿ ಅದು ಹಿಂದಕ್ಕೆ ಸರಿದಿರುತ್ತದೆ. ಆಮೇಲೆ ಶುರು ಜಗಳ. ಅದನ್ನು ನಿಲ್ಲಿಸಲೆಂದೇ ಸುಹೈಲ್ ಒಂದು ಟೋಕನ್ ಆ್ಯಪ್ ಬರೆದ.

ಯೂಟ್ಯೂಬ್ ನೋಡಿ ಕಲಿತ ವಿದ್ಯೆ ಪಾಪ. ಗಾದಿ ಅಂಗಡಿಯ ಮಾವ ಗೌಸ್‌ಪೀರ್ ಮೊದಲೇ ಹೇಳಿಬಿಟ್ಟಿದ್ದರು. "ಇವತ್ತು ಗಿರಣ್ಯಾಗೆ ನಡೀತು ಅಂದ್ರೆ ನಿನ್ನ ಆ್ಯಪ್ ನಿಂಗೆ. ಇಲ್ಲಾಂದ್ರೆ ನಾಳೆಯಿಂದ ಬಂದು ಹತ್ತಿ ತುಂಬು." ಹತ್ತಿ ಕಂಡರೆ ಸುಹೈಲನಿಗೆ ಸೀನು ತಡೆಯುವುದಿಲ್ಲ.

ಗೋಡೆಗೆ ಒಂದು ಫೋನ್ ತೂಗುಹಾಕಿದ. ಬಟನ್ ಒತ್ತಿ, ಬಂದ ನಂಬರನ್ನು ಸೀಮೆಸುಣ್ಣದಲ್ಲಿ ಡಬ್ಬದ ಮೇಲೆ ಬರೆಯಬೇಕು, ಅಷ್ಟೆ. ಮುಂದಿನವರಿಗಾಗಿ ಸ್ಕ್ರೀನ್ ತಾನೇ ರೀಸ್ಟಾರ್ಟ್ ಆಗುತ್ತದೆ.

ಮೊದಲನೆಯವರು ಒತ್ತಿದರು, ಒಂದು. ಎರಡನೆಯವರು ಒತ್ತಿದರು, ಮತ್ತೆ ಒಂದು. ಸುಹೈಲ್ ಓಡಿ ಬಂದು ನೋಡಿದ. ಸ್ಕ್ರೀನ್ ಪ್ರತಿ ಸಲ ಹೊಸದಾಗಿ ತೆರೆದುಕೊಳ್ಳುವಾಗ ಹಿಂದಿನದೆಲ್ಲ ಮರೆತು ಒಂದರಿಂದಲೇ ಎಣಿಸುತ್ತಿತ್ತು.

ಆದರೆ ಯಾರೂ ತಕರಾರು ತೆಗೆಯಲಿಲ್ಲ. ಮಂಡಿನೋವಿನ ಶಂಕ್ರಮ್ಮ ತಮ್ಮ ಡಬ್ಬದ ಮೇಲೆ ದಪ್ಪಗೆ ಒಂದು ಎಂದು ಬರೆದುಕೊಂಡು ಹಿಗ್ಗಿದರು. "ಇಷ್ಟು ವರ್ಷಕ್ಕೆ ಈ ಗಿರಣ್ಯಾಗೆ ನಾನು ಒಂದನೇ ನಂಬರು ಆಗಿದ್ದು ಇವತ್ತೇ ನೋಡು ತಮ್ಮಾ."

ಎಲ್ಲರೂ ಒಂದನೆಯವರಾದ ಮೇಲೆ ಡಬ್ಬ ಸರಿಸುವುದಾದರೂ ಯಾಕೆ? ಜಯದೇವಪ್ಪ ಎಂದಿನಂತೆ ಸಾಲಿನ ಪ್ರಕಾರ ಬೀಸಿದರು. "ಬೆಳಿಗ್ಗೆಯಿಂದ ಒಂದೂ ಜಗಳ ಇಲ್ಲ ಕಣಪ್ಪಾ. ನಿಮ್ಮ ಮಾವ ಬರ್ಲಿ, ನಾನೇ ಹೇಳ್ತೀನಿ."

ಬುದ್ಧಿ ಇದ್ದವನಾದರೆ ಇಲ್ಲಿಗೆ ಸುಮ್ಮನಿರುತ್ತಿದ್ದ. ಶಂಕ್ರಮ್ಮನ ಸರದಿ ಬರುವಷ್ಟರಲ್ಲಿ ಕರೆಂಟು ಹೋಯಿತು. ಸುಹೈಲ್ ಜೋಳದ ಚೀಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ರೀಸ್ಟಾರ್ಟ್ ಆದರೂ ನಂಬರು ನೆನಪಿರುವಂತೆ ಮಾಡಿದ. ಕರೆಂಟು ಬಂದಾಗ ಮದುಮಗನ ಹಾಗೆ ಎದ್ದು ನಿಂತ.

"ಎಲ್ರೂ ಇನ್ನೊಂದ್ಸಲ ಟೋಕನ್ ತಗಳ್ರಿ. ಈಗ ಕರೆಕ್ಟ್ ಆಗೈತೆ."

ಆಗಷ್ಟೇ ಬಂದ ರುಕ್ಸಾನಾ ಫೋನಿನ ಹತ್ತಿರವೇ ನಿಂತಿದ್ದಳು. ಒತ್ತಿದಳು, ಒಂದು. ಶಂಕ್ರಮ್ಮ ಮಂಡಿ ಹಿಡಿದುಕೊಂಡು ಎದ್ದು ಬರುವಷ್ಟರಲ್ಲಿ ಹನ್ನೊಂದು.

"ಬೆಳಿಗ್ಗೆ ಒಂದಾಗಿದ್ದೋಳು ಈಗ ಹನ್ನೊಂದು ಹೆಂಗಾದೆ? ನಾನೇನು ತಪ್ಪು ಮಾಡಿದ್ನಪ್ಪಾ?"

"ಮಷಿನ್ ಕೊಟ್ಟಿದ್ದು, ನಾನೇನು ಮಾಡ್ಲಿ?" ಎಂದಳು ರುಕ್ಸಾನಾ, ಡಬ್ಬವನ್ನು ಮುಂದಕ್ಕೆ ತಳ್ಳುತ್ತಾ.

ಡಬ್ಬಕ್ಕೆ ಡಬ್ಬ ತಾಗಿತು. ಯಾರದೋ ಗೋಧಿ ಚೆಲ್ಲಿತು. ಜಯದೇವಪ್ಪ ಗಿರಣಿ ನಿಲ್ಲಿಸಿದರು.

"ತಮ್ಮಾ, ಬೆಳಿಗ್ಗೆ ಹೆಂಗಿತ್ತೋ ಹಂಗೆ ಮಾಡಿಬಿಡು."

"ಹಂಗೆ ಮಾಡಾಕೆ ಬರಲ್ಲ, ಜಯದೇವಣ್ಣಾ."

"ಮಾಡಿದ್ದು ನೀನೇ ಅಲ್ಲೇನೋ?"

"ನಾನೇ. ಹೆಂಗೆ ಮಾಡಿದ್ದೆ ಅಂತ ಗೊತ್ತಿಲ್ಲ."

ಆದರೂ ಬೆವರೊರೆಸಿಕೊಂಡು ಅಲ್ಲೊಂದು ಸಾಲು ಅಳಿಸಿದ, ಇಲ್ಲೊಂದು ಸೇರಿಸಿದ. ಸ್ಕ್ರೀನ್ ಯಾರೂ ಮುಟ್ಟದೆಯೇ ರೀಸ್ಟಾರ್ಟ್ ಆಗುತ್ತಾ ಮಿಣಮಿಣ ಎನ್ನತೊಡಗಿತು. ಹೆಂಗಸರು ಡಬ್ಬ ಎತ್ತಿಕೊಂಡು ಇನ್ನೊಂದು ಗಿರಣಿಗೆ ಹೊರಟರು. ಜಯದೇವಪ್ಪ ಫೋನನ್ನು ಮೊಳೆಯಿಂದ ಇಳಿಸಿ ಅವನ ಕೈಗೆ ಕೊಟ್ಟರು.

ಆ ಹೊತ್ತಿಗೇ ಬಂದರು ಮಾವ, ಅಂಗಿಯ ತುಂಬ ಹತ್ತಿ ಎಳೆ. ಸುಹೈಲ್ ಗಟ್ಟಿಯಾಗಿ ಸೀನಿದ. ಸೀನಿದ ರಭಸಕ್ಕೆ ಹೆಬ್ಬೆರಳು ಬಟನ್ ಒತ್ತಿತು. ಮಿಣಮಿಣ ನಿಂತು ಸ್ಕ್ರೀನ್ ತಣ್ಣಗೆ ತೆರೆದುಕೊಂಡಿತು.

ಮಾವ ಬಗ್ಗಿ ನೋಡಿದರು.

"ಒಂದು ಬಂದೈತೆ. ನಾಳೆ ಅಂಗ್ಡಿ ಬಾಗ್ಲು ತೆಗೆಯಾಕೆ ನೀನೇ ಮೊದ್ಲು ಬಾ."