ಬೀಗರ ಹೊಲದ ತೆನೆ

ನಮ್ಮ ಬೀಗರಷ್ಟು ಜಿಪುಣರು ಇಡೀ ಬೈಲಹೊಂಗಲ ತಾಲೂಕಿನಲ್ಲೇ ಇಲ್ಲ! ಹೀಗೆಂದು ರಾಮದುರ್ಗದ ಚಹಾದಂಗಡಿಯಲ್ಲಿ ಕಂಡಕಂಡವರಿಗೆಲ್ಲ ಸಾರಿದವನು ನಾನು. ನಂಬದವರಿಗೆ ಒಂದು ಪ್ರಶ್ನೆ ಹಾಕುತ್ತಿದ್ದೆ: ಹೊಲಕ್ಕೆ ಬಂದ ನೆಂಟರ ಕೈಗೆ ಒಂದು ತೆನೆ ಕೊಡುವುದಿರಲಿ, ಅವರ ಜೇಬನ್ನೇ ಜಾಡಿಸಿ ಕಳಿಸುವ ರೈತನನ್ನು ನಮ್ಮ ಸೀಮೆಯಲ್ಲಿ ಎಲ್ಲಾದರೂ ಕಂಡಿದ್ದೀರಾ?

ಅದಕ್ಕೆ ಕಾರಣವಿತ್ತು ಅನ್ನಿ. ನನ್ನ ಮಗಳ ಮಾವನಾದ ಈ ಮಹಾಶಯರು ತಮ್ಮ ಹೊಲದ ಒಂದು ತುಂಡನ್ನು ಕುಲಾಂತರಿ ಗೋವಿನಜೋಳದ ಪ್ರಯೋಗಕ್ಕೆ ಬಿಟ್ಟುಕೊಟ್ಟಿದ್ದರು. ಹುಳ ಬೀಳದಂತೆ ಬೀಜದ ಗುಣವನ್ನೇ ತಿದ್ದಿದ ಬೆಳೆ ಅದು. ಸರ್ಕಾರ ಅನುಮತಿಯ ಜೊತೆಗೆ ಷರತ್ತುಗಳನ್ನೂ ಹಾಕಿತ್ತು. ಸುತ್ತ ಬೇಲಿ ಇರಬೇಕು, ಹತ್ತಿರದಲ್ಲಿ ಬೇರೆ ಗೋವಿನಜೋಳ ಇರಬಾರದು, ಒಂದು ಕಾಳೂ ಹೊರಗೆ ಹೋಗಬಾರದು, ಯಾರೂ ತಿನ್ನಬಾರದು, ಕೊನೆಗೆ ಉಳಿದದ್ದನ್ನೆಲ್ಲ ಅಲ್ಲೇ ಸುಡಬೇಕು. ಸರ್ಕಾರ ಹೇಳಿದ್ದು ಇಷ್ಟೇ. ಬೀಗರು ಅದಕ್ಕೆ ತಮ್ಮದೂ ಒಂದಷ್ಟು ಸೇರಿಸಿದರು! ಬಂದ ವಿಜ್ಞಾನಿಗಳ ಬೂಟಿನ ಮಣ್ಣನ್ನು ನಿಂತು ಕೆರೆಸುತ್ತಿದ್ದರು. ಗಿಳಿ ಬಂದರೆ ಓಡಿಸಿ ಸುಮ್ಮನಾಗುತ್ತಿದ್ದರೇ? ಅದು ಯಾವ ಮರದಲ್ಲಿ ಕೂತಿತೋ ಅಲ್ಲಿಗೇ ಓಡಿ, ಕೆಳಗೆ ಕಾಳು ಉದುರಿದೆಯೇ ಎಂದು ಬಗ್ಗಿ ಹುಡುಕುತ್ತಿದ್ದರು.

ಒಮ್ಮೆ ಪಕ್ಕದ ಹೊಲದ ದಾವಲಸಾಬನ ಎಮ್ಮೆ ಬೇಲಿ ಮುರಿದು ಒಳಗೆ ಹೊಕ್ಕಿತು. ಬೀಗರು ಅದನ್ನು ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿಹಾಕಿ, ಸಗಣಿಯನ್ನೆಲ್ಲ ಗುಂಡಿಯಲ್ಲಿ ಹೂಳತೊಡಗಿದರು. ದಾವಲಸಾಬ ಓಡಿ ಬಂದ.

“ಏನ್ರೀ ಗೌಡ್ರ, ನನ್ನ ಎಮ್ಮಿನ ಜೇಲಿಗೆ ಹಾಕೀರೇನು?”

“ಹೊಟ್ಟಿ ಖಾಲಿ ಆಗೂತನಕ ಬಿಡೂದಿಲ್ಲೋ ದಾವಲ. ಸಗಣ್ಯಾಗಿನ ಕಾಳು ನಿನ್ನ ಹೊಲದಾಗ ಮೊಳಕಿ ಒಡದ್ರ?”

“ಹಂಗಾರ ಹಾಲೂ ಗುಂಡಿಗೇನ್ರಿ?”

“ಛಲೋ ನೆಪ್ಪ ಮಾಡಿದಿ ನೋಡು, ತಡಿ!” ಎಂದ ಬೀಗರು ಕೂಡಲೇ ವಿಜ್ಞಾನಿಗೆ ಫೋನ್ ಹಚ್ಚಿದರು!

ಅದೇ ವರ್ಷ ನನ್ನ ಮಗಳು ಚೊಚ್ಚಲ ಬಸುರಿ. ನೋಡಲು ಹೋದೆ. “ಯಪ್ಪಾ, ಹಸಿ ತೆನಿ ಸುಟ್ಟು ತಿನ್ನಬೇಕನಿಸೇತಿ” ಎಂದಳು. ಸವದತ್ತಿಗೆ ಹೊರಟಿದ್ದ ಬೀಗರು, “ಸಂತ್ಯಾಗಿಂದ ತರತೇನವ್ವಾ” ಎಂದು ಅವಳಿಗೆ ಹೇಳಿ, ಬೇಲಿಯ ಕೀಲಿಕೈಯನ್ನು ನನ್ನ ಕೈಗಿಟ್ಟರು. “ನಿಮ್ಮನ್ನ ನಂಬಿ ಹೊಂಟೇನ್ರಿ ಬೀಗ್ರ.”

ಹೊಲದ ತುಂಬ ತೆನೆ ತೂಗುತ್ತಿರುವಾಗ ಬಸುರಿ ಸೊಸೆಗೆ ಸಂತೆಯ ತೆನೆಯೇ? ನನಗೆ ಸಿಟ್ಟು ನೆತ್ತಿಗೇರಿತು. ಹೋಗಿ ಎರಡು ತೆನೆ ಮುರಿದು ತಂದೆ. ಸುಟ್ಟು, ಉಪ್ಪು ಖಾರ ಸವರಿ ಮಗಳ ಕೈಗಿತ್ತೆ. ಎಲ್ಲಿಯವೆಂದು ಹೇಳಲಿಲ್ಲ.

ಅವಳು ಇನ್ನೇನು ಬಾಯಿಗಿಡಬೇಕು, ಬೀಗರ ಸ್ಕೂಟರ್ ಬಂದು ನಿಂತಿತು. ಪ್ರಯೋಗದ ತೆನೆಗೆ ತೊಡಿಸುವ ಕಾಗದದ ಚೀಲ ಅಂಗಳದಲ್ಲಿ ಬಿದ್ದಿತ್ತು. ಅದನ್ನು ಕಂಡವರೇ ಓಡಿ ಬಂದು ಸೊಸೆಯ ಕೈಯಿಂದ ತೆನೆ ಕಸಿದುಕೊಂಡರು! ಅವಳ ಕಣ್ಣಲ್ಲಿ ನೀರು. ಅವರು ನನ್ನ ಮುಖವನ್ನೊಮ್ಮೆ ನೋಡಿದರು.

“ಅಯ್ಯ ಬೀಗ್ರ, ನಾ ತಪಾಸಣಿಗಂತ ಕಿತ್ತಿಟ್ಟ ತೆನಿ ತಿನ್ನೂವು ಅಂತ ತಿಳಕೊಂಡ್ರೇನು? ತಪ್ಪು ನಂದು, ಹೇಳಿ ಹೋಗಬೇಕಾಗಿತ್ತು.”

“ವಿಷ ಏನ್ರಿ ಮಾವಾ?” ಎಂದಳು ಮಗಳು.

“ವಿಷ ಅಲ್ಲವ್ವಾ. ತಿನ್ನಾಕ ಬರತೈತೋ ಇಲ್ಲೋ ಇನ್ನೂ ಗೊತ್ತಾಗಿಲ್ಲ, ಅಷ್ಟ. ಅದನ್ನ ತಿಳಕೊಳ್ಳಾಕ ಈ ಹೊಲ ಮಾಡೇವಿ. ನಿನ್ನ ಮ್ಯಾಲೆ ಪರೀಕ್ಷಾ ಬ್ಯಾಡ.”

ಆಮೇಲೆ ತಾವೇ ಅಧಿಕಾರಿಗಳಿಗೆ ಫೋನ್ ಮಾಡಿದರು! ಮರುದಿನ ಅವರು ಬಂದು, “ತೆನಿ ಕಿತ್ತವರು ಯಾರು?” ಎಂದು ಕೇಳಿದರು.

“ನಾನ ರೀ” ಎಂದರು ಬೀಗರು.

ಊರವರ ಎದುರು ಬೈಸಿಕೊಂಡರು. ಪ್ರಯೋಗ ಅಲ್ಲಿಗೇ ನಿಂತಿತು. ಮಗುವಿನಂತೆ ಕಾಯ್ದ ಬೆಳೆಯನ್ನು ಕಡಿದು ಸುಡುವಾಗ ಬೀಗರೂ ಕುಡುಗೋಲು ಹಿಡಿದಿದ್ದರು. ನಾನು ಅವರ ಹಿಂದೆಯೇ ನಿಂತಿದ್ದೆ.

ಎಲ್ಲರೂ ಹೋದ ಮೇಲೆ ಕೇಳಿದೆ, “ಸುಳ್ಳು ಯಾಕ ಹೇಳಿದ್ರಿ ಬೀಗ್ರ?”

“ಆಕಿ ಬಾಳೇ ಮಾಡೂದು ಈ ಮನ್ಯಾಗ. ನಮ್ಮಪ್ಪನಿಂದ ಮಾವನ ಬೆಳಿ ಸುಟ್ಟುಹೋತು ಅಂತ ಗೊತ್ತಾದ್ರ, ತಲಿ ಎತ್ತಿ ಅಡ್ಡಾಡತಾಳೇನ್ರಿ?”

ಮಗಳನ್ನು ಕೊಡುವಾಗ ನಾನು ಹೊಲ ನೋಡಿದ್ದೆ, ಮನೆ ನೋಡಿದ್ದೆ. ಇಂಥ ಮನುಷ್ಯ ಸಿಕ್ಕಿದ್ದು ಮಾತ್ರ ನನ್ನ ಪುಣ್ಯ. ಅವಳು ಇಂದಿಗೂ ಮಾವನ ಮರೆವಿನ ಕತೆ ಹೇಳಿ ಮಕ್ಕಳನ್ನು ನಗಿಸುತ್ತಾಳೆ. ಬೀಗರೂ ಕೂಡಿ ನಗುತ್ತಾರೆ. ಇನ್ನು ನನ್ನಿಂದ ತಡೆಯಲಾಗದು. ಅದಕ್ಕೇ ಇದನ್ನೆಲ್ಲ ಬರೆದಿದ್ದೇನೆ, ಅವಳೆದುರು ಕೂತು ನಾನೇ ಓದಿ ಹೇಳುತ್ತೇನೆ. ಆ ಮನೆಯನ್ನು ಈಗ ಅವಳೇ ನಡೆಸುತ್ತಾಳೆ, ಅವಳ ತಲೆ ತಗ್ಗುವುದಿಲ್ಲ. ತಗ್ಗಬೇಕಾದ ತಲೆ ನನ್ನದು.